ಮಗಳ ಬಳೆ, ಅಪ್ಪನ ಮೌನ: ‘ಫಸ್ಟ್ ಮ್ಯಾನ್’ ಬಗ್ಗೆ ನೀವು ಕೇಳಿದ್ದು

ನೀಲ್ ಆರ್ಮ್‌ಸ್ಟ್ರಾಂಗ್ ಬದುಕಿನ 1961ರಿಂದ 1969ರವರೆಗಿನ ವರ್ಷಗಳ ಕಥೆ ‘ಫಸ್ಟ್ ಮ್ಯಾನ್’. 2018ರಲ್ಲಿ ಬಂದ ಈ ಚಿತ್ರದ ನಿರ್ದೇಶಕ ಡೇಮಿಯನ್ ಶಜೆಲ್, ಚಿತ್ರಕಥೆ ಜಾಶ್ ಸಿಂಗರ್ ಅವರದು. ಜೇಮ್ಸ್ ಹ್ಯಾನ್ಸನ್ 2005ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಇದಕ್ಕೆ ಆಧಾರ. ನೀಲ್ ಪಾತ್ರದಲ್ಲಿ ರಯಾನ್ ಗಾಸ್ಲಿಂಗ್, ಪತ್ನಿ ಜ್ಯಾನೆಟ್ ಪಾತ್ರದಲ್ಲಿ ಕ್ಲೇರ್ ಫಾಯ್ ಇದ್ದಾರೆ. ಚಿತ್ರ ನೋಡಿದವರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಇಷ್ಟು ಕಡಿಮೆ ಮಾತಿನ ಮನುಷ್ಯನ ಒಳಗನ್ನು ಚಿತ್ರ ಎಷ್ಟು ನಂಬಿಕೆಯಿಂದ ತೋರಿಸಿದೆ?

ಪ್ರಶ್ನೆ (ಶಿವಮೊಗ್ಗ): ಕೊನೆಯಲ್ಲಿ ನೀಲ್ ಚಂದ್ರನ ಮೇಲೆ ಒಂದು ಕುಳಿಯ ಅಂಚಿಗೆ ಹೋಗಿ, ತೀರಿಹೋದ ಮಗಳ ಮಣಿಯ ಬಳೆಯನ್ನು ಒಳಗೆ ಬಿಡುತ್ತಾರೆ. ಇದು ನಡೆದದ್ದೇ? ನಮ್ಮ ಮನೆಯಲ್ಲಿ ಇದೇ ವಾದ.

ಉತ್ತರ: ಬಳೆಗೆ ದಾಖಲೆ ಇಲ್ಲ. ಕುಳಿಗೆ ಇದೆ. ಇವೆರಡನ್ನು ಬೇರೆಯಾಗಿ ನೋಡಿದರೆ ನಿಮ್ಮ ಮನೆಯ ವಾದ ಅರ್ಧ ಮುಗಿಯುತ್ತದೆ.

1969ರ ಜುಲೈ 20ರ ಆ ನಡಿಗೆ ಒಟ್ಟು ಎರಡೂವರೆ ಗಂಟೆಯದು. ಪ್ರತಿ ನಿಮಿಷಕ್ಕೂ ಒಂದು ಕೆಲಸ ಹಂಚಿಕೆಯಾಗಿತ್ತು. ನಡಿಗೆ ಮುಗಿಯುತ್ತಾ ಬಂದಾಗ ಆರ್ಮ್‌ಸ್ಟ್ರಾಂಗ್ ಯೋಜನೆಯಲ್ಲಿ ಇಲ್ಲದ ಒಂದು ಕೆಲಸ ಮಾಡಿದರು. ಇಳಿನೌಕೆಯಿಂದ ಸುಮಾರು 60 ಮೀಟರ್ ಪೂರ್ವಕ್ಕೆ ಒಬ್ಬರೇ ಹೋಗಿ, ಇಂದು ಲಿಟಲ್ ವೆಸ್ಟ್ ಎಂದು ಕರೆಯುವ, ಸುಮಾರು 30 ಮೀಟರ್ ಅಗಲದ ಕುಳಿಯ ಅಂಚಿನಲ್ಲಿ ನಿಂತು ಫೋಟೊ ತೆಗೆದು ಬಂದರು. ಚಂದ್ರನನ್ನು ಸುತ್ತುತ್ತಿರುವ ಎಲ್‌ಆರ್‌ಒ ನೌಕೆಯ ಚಿತ್ರಗಳಲ್ಲಿ ಆ ಹೆಜ್ಜೆಯ ಜಾಡು ಈಗಲೂ ಸಣ್ಣ ಕಪ್ಪು ಗೆರೆಯಂತೆ ಕಾಣುತ್ತದೆ. ಕುಳಿಯ ಪದರಗಳನ್ನು ಭೂವಿಜ್ಞಾನಿಗಳಿಗೆ ತೋರಿಸುವುದು ಅದರ ಉದ್ದೇಶವಾಗಿದ್ದಿರಬಹುದು. ಅವರು ಅಲ್ಲಿಗೆ ಹೋದದ್ದಕ್ಕೆ ಫೋಟೊಗಳೇ ಸಾಕ್ಷಿ.

ಈ ಕೆಲವು ನಿಮಿಷಗಳಿಗೆ ಚಿತ್ರಕಥೆಗಾರರು ಬಳೆ ತಂದಿಟ್ಟರು. ಪ್ರತಿ ಗಗನಯಾತ್ರಿಗೂ ಸ್ವಂತ ವಸ್ತುಗಳಿಗಾಗಿ ಒಂದು ಸಣ್ಣ ಚೀಲ ಕೊಡುತ್ತಿದ್ದರು. ರೈಟ್ ಸಹೋದರರ ಮೊದಲ ವಿಮಾನದ ಮರದ ಚೂರು ಮತ್ತು ಬಟ್ಟೆಯ ತುಂಡನ್ನು ಆರ್ಮ್‌ಸ್ಟ್ರಾಂಗ್ ಒಯ್ದಿದ್ದರು ಎಂಬುದು ಗೊತ್ತಿದೆ. ತಮ್ಮ ಚೀಲದ ಪೂರ್ತಿ ಪಟ್ಟಿಯನ್ನು ಅವರು ಜೀವನಚರಿತ್ರೆಕಾರರಿಗೂ ಕೊಡಲಿಲ್ಲ. ಮಗಳು ಕ್ಯಾರನ್‌ಳದ್ದೇನಾದರೂ ಒಯ್ದಿರಬಹುದೇ ಎಂದು ತಂಗಿ ಜೂನ್ ಅವರನ್ನು ಕೇಳಿದಾಗ, ಹಾಗೆ ಮಾಡಿರಲಿ ಎಂದು ಮನಸಾರೆ ಆಸೆಪಟ್ಟರೇ ಹೊರತು ಹೌದು ಎನ್ನಲಿಲ್ಲ. ಚಿತ್ರದ ಬಳೆ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ.

ಅಂಥ ವಸ್ತು ಬಿಟ್ಟು ಬಂದವರು ಬೇರೆ ಇದ್ದಾರೆ. ಅಪೊಲೊ 16ರ ಚಾರ್ಲಿ ಡ್ಯೂಕ್ 1972ರಲ್ಲಿ ತಮ್ಮ ಕುಟುಂಬದ ಫೋಟೊ ಇಟ್ಟು ಬಂದರು. ಆರ್ಮ್‌ಸ್ಟ್ರಾಂಗ್ ಹೋದ ಅಪೊಲೊ 11ರಲ್ಲೇ, ಬೆಂಕಿಗೆ ಬಲಿಯಾದ ಅಪೊಲೊ 1ರ ಲಾಂಛನ ಮತ್ತು ತೀರಿಹೋದ ಇಬ್ಬರು ಸೋವಿಯತ್ ಗಗನಯಾತ್ರಿಗಳಾದ ಗಗಾರಿನ್ ಮತ್ತು ಕೊಮರೋವ್ ಅವರ ಪದಕಗಳು, ಜೊತೆಗೆ ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್ ಅವರ ತೋಳಿನ ಜೇಬಿನಲ್ಲಿದ್ದವು. 73 ದೇಶಗಳ ನಾಯಕರ ಸಂದೇಶ ಕೆತ್ತಿದ ಬಿಲ್ಲೆಯೂ ಅದೇ ಪೊಟ್ಟಣದಲ್ಲಿತ್ತು, ಇಂದಿರಾ ಗಾಂಧಿಯವರ ಸಂದೇಶ ಅದರಲ್ಲಿ ಒಂದು. ಆಲ್ಡ್ರಿನ್ ಅದನ್ನು ಮರೆತು ಏಣಿ ಹತ್ತಿಬಿಟ್ಟಿದ್ದರು. ನೆನಪಿಸಿದ್ದು ಆರ್ಮ್‌ಸ್ಟ್ರಾಂಗ್. ತೀರಿಹೋದವರ ವಸ್ತುಗಳ ಬಗ್ಗೆ ಅವರಿಗಿದ್ದ ಕಾಳಜಿಗೆ ಈ ನೆನಪಿಸಿದ ಗಳಿಗೆ ಬಳೆಗಿಂತ ಗಟ್ಟಿ ಸಾಕ್ಷಿ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ವಿಷಯ. ಉಡಾವಣೆಗೆ ಮುಂಚಿನ ಪತ್ರಿಕಾಗೋಷ್ಠಿಯಲ್ಲಿ ನೆನಪಿನ ವಸ್ತು ಏನು ಒಯ್ಯುತ್ತೀರಿ ಎಂದು ಕೇಳಿದಾಗ, ಆಯ್ಕೆ ಇದ್ದರೆ ಇನ್ನಷ್ಟು ಇಂಧನ ಒಯ್ಯುತ್ತೇನೆ ಎಂದು ನೀಲ್ ಹೇಳುತ್ತಾರಲ್ಲ, ಆ ಮಾತು ನಿಜವಾಗಿ ಆಡಿದ್ದೇ. ಅದನ್ನು ಕೇಳಿ ಪತ್ರಕರ್ತರಿಗೆ ಅವರು ಬಿಗುಮಾನದವರು ಅನ್ನಿಸಿರಬಹುದು. ಇಳಿಯುವಾಗ ಟ್ಯಾಂಕಿನಲ್ಲಿ ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ ಹೊತ್ತಿನ ಇಂಧನ ಎಂಬುದನ್ನು ನೆನೆದು ಆ ಉತ್ತರವನ್ನು ಮತ್ತೊಮ್ಮೆ ಓದಿ.

ಪ್ರಶ್ನೆ (ಹಾಸನ): ಮಗುವಿನ ತಲೆಯಲ್ಲಿ ಗಡ್ಡೆ ಎಂದಷ್ಟೇ ಚಿತ್ರದಿಂದ ತಿಳಿಯಿತು. ನಿಜವಾದ ಕಾಯಿಲೆ ಯಾವುದು? ಈಗಿನ ಕಾಲದಲ್ಲಾಗಿದ್ದರೆ ಉಳಿಯುತ್ತಿತ್ತೇ?

ಉತ್ತರ: ಕ್ಯಾರನ್ ಹುಟ್ಟಿದ್ದು 1959ರ ಏಪ್ರಿಲ್‌ನಲ್ಲಿ. ಮನೆಯಲ್ಲಿ ‘ಮಫಿ’ ಎಂದು ಕರೆಯುತ್ತಿದ್ದರು. 1961ರ ಬೇಸಿಗೆಯಲ್ಲಿ ಆಡುತ್ತಾ ಎಡವಿ ಬಿದ್ದಳು. ಪೆಟ್ಟು ದೊಡ್ಡದಲ್ಲ, ಆದರೆ ಆಮೇಲೆ ಕಣ್ಣು ಹೊರಳತೊಡಗಿತು, ಮತ್ತೆ ಮತ್ತೆ ಬೀಳತೊಡಗಿದಳು, ಮಾತು ತೊದಲಿತು. ಪತ್ತೆಯಾದದ್ದು ಮಿದುಳಿನ ಕಾಂಡದಲ್ಲಿ ‘ಪಾನ್ಸ್’ ಎಂಬ ಭಾಗದ ಗ್ಲಯೋಮಾ ಗಡ್ಡೆ.

ಪಾನ್ಸ್ ಹೆಬ್ಬೆರಳಿನಷ್ಟು ದಪ್ಪದ ಜಾಗ. ಕಣ್ಣಿನ ಚಲನೆ, ನುಂಗುವುದು, ಮುಖದ ಸ್ನಾಯು, ಕೈಕಾಲಿನ ಆದೇಶ ಎಲ್ಲದರ ನರಗಳೂ ಅದರ ಮೂಲಕವೇ ಹಾದುಹೋಗುತ್ತವೆ. ಈ ಗಡ್ಡೆ ಉಂಡೆಯಾಗಿ ಕೂರುವುದಿಲ್ಲ, ನರಗಳ ನಡುವೆ ಹಿಟ್ಟಿಗೆ ನೀರು ಬೆರೆತಂತೆ ಬೆರೆತಿರುತ್ತದೆ. ಕತ್ತರಿಸಿ ತೆಗೆಯಲು ಹೋದರೆ ಉಸಿರಾಟಕ್ಕೇ ಕುತ್ತು. ಹಾಗಾಗಿ ಆಗಲೂ ಈಗಲೂ ಮುಖ್ಯ ಚಿಕಿತ್ಸೆ ವಿಕಿರಣ. ಕ್ಯಾರನ್‌ಗೆ ಮೊದಲು ಎಕ್ಸ್‌ರೇ ಚಿಕಿತ್ಸೆ ಕೊಟ್ಟರು. ಮಧ್ಯೆ ಒಂದಿಷ್ಟು ಕಾಲ ಸುಧಾರಿಸಿ, ಅಂಬೆಗಾಲಿನಿಂದ ಮತ್ತೆ ನಡೆಯಲು ಕಲಿತಳು. ಕಾಯಿಲೆ ಮರಳಿದಾಗ ಕೋಬಾಲ್ಟ್ ಕಿರಣ ಕೊಟ್ಟರು. ಕೋಬಾಲ್ಟ್ ಕಿರಣ ಎಕ್ಸ್‌ರೇಗಿಂತ ಆಳಕ್ಕೆ ಇಳಿಯುತ್ತದೆ, ಆದರೆ ಆ ಪುಟ್ಟ ದೇಹಕ್ಕೆ ಅದನ್ನು ತಾಳುವ ಶಕ್ತಿ ಉಳಿದಿರಲಿಲ್ಲ. 1962ರ ಜನವರಿ 28ರಂದು ಮನೆಯಲ್ಲೇ, ನ್ಯುಮೋನಿಯಾದಿಂದ ತೀರಿಕೊಂಡಳು. ಇನ್ನೂ ಮೂರು ತುಂಬಿರಲಿಲ್ಲ.

ಅದು ತಂದೆತಾಯಿಯ ಆರನೇ ಮದುವೆ ವಾರ್ಷಿಕೋತ್ಸವದ ದಿನ.

ಈಗಿನ ಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು. ಇಂದು ಸಾಮಾನ್ಯವಾಗಿ ಆರು ವಾರಗಳಲ್ಲಿ 30 ಸಲ, ಒಟ್ಟು 54 ಗ್ರೇ ವಿಕಿರಣ ಕೊಡುತ್ತಾರೆ. ಎಂಆರ್‌ಐ ಇರುವುದರಿಂದ ಗಡ್ಡೆ ಎಲ್ಲಿಯವರೆಗೆ ಹರಡಿದೆ ಎಂಬುದು ಆಗಿನದಕ್ಕಿಂತ ಚೆನ್ನಾಗಿ ಕಾಣುತ್ತದೆ, ಸುತ್ತಲಿನ ಭಾಗಕ್ಕೆ ಹಾನಿ ಕಡಿಮೆ. ಆದರೂ ಬಹುಪಾಲು ಮಕ್ಕಳು ಪತ್ತೆಯಾದ ಸುಮಾರು ಒಂದು ವರ್ಷದೊಳಗೆ ತೀರಿಹೋಗುತ್ತಾರೆ. ಮಗುವಿಗೆ ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು ಬಂದರೆ, ನಡಿಗೆ ತೂರಾಡಿದರೆ, ಮುಖದ ಒಂದು ಬದಿ ಜೋತರೆ, ನುಂಗುವಾಗ ಕೆಮ್ಮು ಬಂದರೆ ಕನ್ನಡಕದ ಅಂಗಡಿಗಲ್ಲ, ಮಕ್ಕಳ ನರರೋಗ ತಜ್ಞರ ಬಳಿ ಹೋಗಿ. ಈ ಜಾಗವನ್ನು ನೋಡಲು ಸಿಟಿ ಸ್ಕ್ಯಾನ್‌ಗಿಂತ ಎಂಆರ್‌ಐ ಸರಿಯಾದ ಪರೀಕ್ಷೆ.

ಚಿತ್ರದಲ್ಲಿ ನೀಲ್ ಮಗಳ ಲಕ್ಷಣ, ಔಷಧ, ಚಿಕಿತ್ಸೆಯನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ವಿಮಾನದ ಪರೀಕ್ಷಾ ವರದಿಯಂತೆ ಬರೆದಿಡುತ್ತಾರೆ. ಅಂತ್ಯಸಂಸ್ಕಾರದ ದಿನ ಅದನ್ನೂ ಬಳೆಯನ್ನೂ ಮೇಜಿನ ಡ್ರಾಯರ್‌ಗೆ ಹಾಕಿ ಮುಚ್ಚುತ್ತಾರೆ. ಇಡೀ ಚಿತ್ರದಲ್ಲಿ ನಮ್ಮನ್ನು ಹೆಚ್ಚು ಕಲಕಿದ್ದು ಆ ಡ್ರಾಯರ್. ಲೆಕ್ಕ ಸರಿ ಹಾಕಿದರೆ ಯಾವ ಯಂತ್ರವನ್ನೂ ಸರಿಪಡಿಸಬಹುದು ಎಂದು ನಂಬಿ ದುಡಿದ ಎಂಜಿನಿಯರ್‌ಗೆ, ಲೆಕ್ಕ ಕೈಕೊಟ್ಟ ದಿನ ಅದು.

ಪ್ರಶ್ನೆ (ಧಾರವಾಡ): ಮೊದಲ ದೃಶ್ಯದಲ್ಲಿ ರಾಕೆಟ್ ವಿಮಾನ ವಾತಾವರಣದ ಮೇಲೆ ಪುಟಿದು ಕೆಳಗಿಳಿಯದೆ ಒದ್ದಾಡುತ್ತದೆ. ಮಗಳ ಚಿಂತೆಯಿಂದ ಆದ ತಪ್ಪೇ ಅದು?

ಉತ್ತರ: ಚಿತ್ರ ಹಾಗೆ ಅನ್ನಿಸುವಂತೆ ಜೋಡಿಸಿದೆ. ದಿನಾಂಕ ಬೇರೆ ಹೇಳುತ್ತದೆ. ಎಕ್ಸ್-15 ವಿಮಾನದ ಆ ಹಾರಾಟ ನಡೆದದ್ದು 1962ರ ಏಪ್ರಿಲ್ 20ರಂದು, ಕ್ಯಾರನ್ ತೀರಿಕೊಂಡು ಸುಮಾರು ಮೂರು ತಿಂಗಳಾದ ಮೇಲೆ. ಚಿತ್ರ ಅದನ್ನು 1961ಕ್ಕೆ, ಮಗು ಬದುಕಿದ್ದಾಗಿನ ಕಾಲಕ್ಕೆ ಸರಿಸಿದೆ.

ಕಾರಣ ತಾಂತ್ರಿಕ. ಎಂಎಚ್-96 ಎಂಬ ಹೊಸ ನಿಯಂತ್ರಣ ವ್ಯವಸ್ಥೆಯಲ್ಲಿ, ಪೈಲಟ್‌ನ ಮೇಲೆ ಬೀಳುವ ಒತ್ತಡವನ್ನು ಒಂದು ಮಿತಿಯಲ್ಲಿ ಹಿಡಿಯುವ ಭಾಗವಿತ್ತು. ಅದು ಕೆಲಸ ಮಾಡುತ್ತದೆಯೇ ಎಂದು ನೋಡಲು ಆರ್ಮ್‌ಸ್ಟ್ರಾಂಗ್ ಮೂತಿ ಎತ್ತಿ ಹಿಡಿದು ಕಾದರು. ಆ ಹೊತ್ತಿಗೆ 63 ಕಿ.ಮೀ. ಎತ್ತರದಿಂದ ಇಳಿದು ಬಂದಿದ್ದ ವಿಮಾನ ಮತ್ತೆ ಮೇಲಕ್ಕೆ ತೇಲಿತು. ಅಲ್ಲಿ ಗಾಳಿ ತೆಳು, ರೆಕ್ಕೆ ವಾಲಿಸಿದರೂ ತಿರುಗುವುದಿಲ್ಲ. ಇಳಿಯಬೇಕಿದ್ದ ಎಡ್ವರ್ಡ್ಸ್ ವಾಯುನೆಲೆಯನ್ನು ದಾಟಿ ಪ್ಯಾಸಡೀನಾ ಕಡೆಗೆ ಹೋಗಿ, ಗಾಳಿ ದಪ್ಪವಾದ ಮೇಲೆ ತಿರುಗಿಸಿಕೊಂಡು, ನೆಲೆಯ ಇಳಿದಾಣವಾಗಿದ್ದ ಒಣ ಸರೋವರದ ದಕ್ಷಿಣ ತುದಿಯಲ್ಲಿ ಹೇಗೋ ಇಳಿಸಿದರು. ಎಂಜಿನ್ ಅಷ್ಟರಲ್ಲಿ ಆರಿತ್ತು. ಎರಡನೇ ಪ್ರಯತ್ನಕ್ಕೆ ಅವಕಾಶವೇ ಇಲ್ಲದ ವಿಮಾನ ಅದು.

ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅವರಿಗೆ ಇನ್ನೂ ಎರಡು ಅವಘಡಗಳಾದವು. ಒಮ್ಮೆ ಒದ್ದೆ ನೆಲದಲ್ಲಿ ವಿಮಾನ ಹೂತಿತು, ಇನ್ನೊಮ್ಮೆ ಎಫ್-104 ಜೆಟ್ ವಿಮಾನ ನೆಲಕ್ಕೆ ತಾಗಿ ಹಾನಿಯಾಯಿತು. ದುಃಖಕ್ಕೂ ಇವಕ್ಕೂ ನಂಟಿದೆಯೇ ಎಂಬುದನ್ನು ಯಾವ ವರದಿಯೂ ಬರೆಯಲಿಲ್ಲ, ಅವರೂ ಹೇಳಲಿಲ್ಲ. ನಿಜವಾದ ಕ್ರಮದಲ್ಲೇ ತೋರಿಸಿದ್ದರೆ, ಮೊದಲು ಸಾವು, ಆಮೇಲೆ ಇಳಿಯಲೊಪ್ಪದ ವಿಮಾನ, ಚಿತ್ರ ಇನ್ನೂ ಬಲವಾಗುತ್ತಿತ್ತು. ಇದೊಂದು ಬದಲಾವಣೆ ನಮಗೆ ಒಪ್ಪಿಗೆಯಿಲ್ಲ.

ಗಗನಯಾತ್ರಿ ಹುದ್ದೆಗೆ ಅವರು ಅರ್ಜಿ ಹಾಕಿದ್ದೂ ಅದೇ ಬೇಸಿಗೆಯಲ್ಲಿ. ಕೊನೆಯ ದಿನ ಜೂನ್ 1. ಇವರ ಅರ್ಜಿ ಸುಮಾರು ಒಂದು ವಾರ ತಡವಾಗಿ ತಲುಪಿತು, ಪರಿಚಯದ ಅಧಿಕಾರಿಯೊಬ್ಬರು ಅದನ್ನು ಕಟ್ಟಿನೊಳಗೆ ಸೇರಿಸಿದರು. ಸೆಪ್ಟೆಂಬರ್‌ನಲ್ಲಿ ಆಯ್ಕೆಯಾದರು.

ಪ್ರಶ್ನೆ (ಮೈಸೂರು): ಜೆಮಿನಿ 8 ಗಿರಗಿರನೆ ತಿರುಗುವ ದೃಶ್ಯದಲ್ಲಿ ಏನಾಯಿತೆಂದೇ ಅರ್ಥವಾಗಲಿಲ್ಲ. ಅಷ್ಟು ವೇಗವಾಗಿ ನಿಜಕ್ಕೂ ತಿರುಗಿತ್ತೇ?

ಉತ್ತರ: ತಿರುಗಿತ್ತು, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತು. 1966ರ ಮಾರ್ಚ್ 16ರಂದು ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ತಮ್ಮ ನೌಕೆಯನ್ನು ಅಜೀನಾ ಎಂಬ ಮಾನವರಹಿತ ನೌಕೆಗೆ ಜೋಡಿಸಿದರು. ಕಕ್ಷೆಯಲ್ಲಿ ಎರಡು ನೌಕೆ ಜೋಡಿಯಾದದ್ದು ಅದೇ ಮೊದಲು. ಅರ್ಧ ಗಂಟೆಯೊಳಗೆ ಎರಡೂ ಸೇರಿ ಉರುಳತೊಡಗಿದವು. ಸಂಶಯ ಬಿದ್ದದ್ದು ಅಜೀನಾ ಮೇಲೆ, ತೊಂದರೆ ಬಂದರೆ ಅದನ್ನೇ ಬಿಡಿ ಎಂಬ ಸೂಚನೆಯೂ ಮೊದಲೇ ಇತ್ತು. ಬಿಟ್ಟರು. ಕೆಟ್ಟದ್ದು ಮಾತ್ರ ಜೆಮಿನಿಯದೇ 8ನೇ ಸಂಖ್ಯೆಯ ಥ್ರಸ್ಟರ್ (ನೌಕೆಯನ್ನು ತಿರುಗಿಸುವ ಸಣ್ಣ ಎಂಜಿನ್): ಶಾರ್ಟ್ ಸರ್ಕಿಟ್ ಆಗಿ ಉರಿಯುತ್ತಲೇ ಇತ್ತು. ಜೊತೆಗಿದ್ದ ಅಜೀನಾದ ಭಾರ ಕಳಚಿದ ಕೂಡಲೇ ಅದೇ ತಳ್ಳುವ ಬಲಕ್ಕೆ ಹಗುರ ನೌಕೆ ಸಿಕ್ಕಿತು, ವೇಗ ಇನ್ನೂ ಏರಿತು. ಕಣ್ಣು ಮಂಜಾಗತೊಡಗಿತು.

ಆರ್ಮ್‌ಸ್ಟ್ರಾಂಗ್ ಆ ಇಡೀ ಥ್ರಸ್ಟರ್ ವ್ಯವಸ್ಥೆಯನ್ನು ಆರಿಸಿ, ಭೂಮಿಗೆ ಮರಳುವಾಗ ಮಾತ್ರ ಬಳಸಬೇಕಾದ ಮೂತಿಯ ಥ್ರಸ್ಟರ್‌ಗಳನ್ನು ಹಚ್ಚಿ ನೌಕೆಯನ್ನು ನಿಲ್ಲಿಸಿದರು. ಅದರ ಇಂಧನದ ಸುಮಾರು ಮುಕ್ಕಾಲು ಪಾಲು ಖರ್ಚಾಯಿತು. ಆ ವ್ಯವಸ್ಥೆಯನ್ನು ಒಮ್ಮೆ ಹಚ್ಚಿದರೆ ತಡಮಾಡದೆ ಇಳಿಯಬೇಕೆಂಬುದು ನಿಯಮ. ಮೂರು ದಿನದ ಯಾತ್ರೆ ಹನ್ನೊಂದು ಗಂಟೆಯೊಳಗೆ ಮುಗಿಯಿತು. ಸ್ವಿಚ್ ಆರಿಸಿದರೆ ಥ್ರಸ್ಟರ್‌ಗೆ ವಿದ್ಯುತ್ ಪೂರ್ತಿ ಕಡಿಯುವಂತೆ ಮುಂದಿನ ಜೆಮಿನಿಗಳಲ್ಲಿ ವೈರಿಂಗ್ ಬದಲಿಸಿದರು.

ಅರ್ಥವಾಗದಿರಲು ಕಾರಣ, ಆ ಭಾಗದಲ್ಲಿ ನೌಕೆಯನ್ನು ಹೊರಗಿನಿಂದ ತೋರಿಸುವುದೇ ಅಪರೂಪ. ಗಗನಯಾತ್ರಿಗೆ ಕಂಡಷ್ಟೇ ನಮಗೂ ಕಾಣಬೇಕೆಂಬ ಹಟ ನಿರ್ದೇಶಕರದು. ಎರಡನೇ ಸಲ ನೋಡುವಾಗ ಕಿಟಕಿಯಲ್ಲಿ ಬೆಳಕು ಎಷ್ಟು ಬೇಗ ಬಂದು ಹೋಗುತ್ತದೆ ಎಂಬುದನ್ನೇ ಗಮನಿಸಿ, ವೇಗ ಏರುವುದು ತಿಳಿಯುತ್ತದೆ.

ಪ್ರಶ್ನೆ (ತುಮಕೂರು): ಜ್ಯಾನೆಟ್ ಮನೆಯಲ್ಲಿದ್ದ ಆ ಸ್ಪೀಕರ್ ಪೆಟ್ಟಿಗೆಯನ್ನು ನಾಸಾ ಆಫ್ ಮಾಡಿದ್ದು ನಿಜವೇ?

ಉತ್ತರ: ನಿಜ. ನೌಕೆ ಮತ್ತು ನೆಲದ ನಡುವಿನ ಮಾತು ಕೇಳಲು ಗಗನಯಾತ್ರಿಗಳ ಮನೆಗೆ ಆ ಪೆಟ್ಟಿಗೆ ಕೊಡುತ್ತಿದ್ದರು. ಜೆಮಿನಿ 8 ಉರುಳುವಾಗ ಅದನ್ನು ನಿಲ್ಲಿಸಿದರು. ಜ್ಯಾನೆಟ್ ನಿಯಂತ್ರಣ ಕೇಂದ್ರಕ್ಕೆ ಹೋದರೆ ಒಳಗೆ ಬಿಡಲಿಲ್ಲ. ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದು ಅವರು ಆಮೇಲೆ ಅಧಿಕಾರಿಗಳಿಗೆ ಖಡಾಖಂಡಿತವಾಗಿ ಹೇಳಿದರು. ಗಂಡ ಮಾತಾಡುವುದಿಲ್ಲ, ಸುದ್ದಿ ಕೊಡುವ ಪೆಟ್ಟಿಗೆಯೂ ಮಾತಾಡುವುದಿಲ್ಲ. ಆ ಮನೆಯಲ್ಲಿ ಅವರು ಹೊತ್ತದ್ದನ್ನು ಕ್ಲೇರ್ ಫಾಯ್ ಚೆನ್ನಾಗಿ ಹಿಡಿದಿದ್ದಾರೆ.

ಪ್ರಶ್ನೆ (ಹೆಸರು, ಊರು ಬೇಡ): ನಮ್ಮ ಮಗು ತೀರಿಕೊಂಡು ಎಂಟು ತಿಂಗಳಾಯಿತು. ನನ್ನ ಯಜಮಾನರು ಅವತ್ತಿನಿಂದ ಮಗುವಿನ ಹೆಸರೇ ಎತ್ತಿಲ್ಲ, ಬೆಳಗಿನಿಂದ ರಾತ್ರಿವರೆಗೆ ಕೆಲಸ. ಈ ಚಿತ್ರ ನೋಡಿದಾಗ ಅವರನ್ನೇ ನೋಡಿದಂತಾಯಿತು. ಅವರಿಗೆ ತೋರಿಸಲೇ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ನಿಧಾನವಾಗಿ ಓದಿದೆವು.

ಈಗಲೇ ತೋರಿಸಬೇಡಿ. ಮಗುವಿನ ಸಾವು ಚಿತ್ರದ ಆರಂಭದಲ್ಲೇ ಬರುತ್ತದೆ, ಪುಟ್ಟ ಶವಪೆಟ್ಟಿಗೆ ಕೆಳಗಿಳಿಯುವುದು ಕಾಣುತ್ತದೆ. ಮುನ್ಸೂಚನೆಯಿಲ್ಲದೆ ಅದು ಎದುರಾದರೆ ಅವರು ಇನ್ನಷ್ಟು ಒಳಗೆ ಸರಿಯಬಹುದು. ಕಥೆ ಏನೆಂದು ಮೊದಲು ಹೇಳಿ, ಅವರೇ ನೋಡೋಣ ಎಂದರೆ ಜೊತೆಗೆ ಕೂತು ನೋಡಿ, ಬೇಡವೆಂದಾಗ ನಿಲ್ಲಿಸಿ.

ಎಲ್ಲವನ್ನೂ ಆದಷ್ಟು ಎಂದಿನಂತೆ ಇಟ್ಟುಕೊಂಡು ಕೆಲಸ ಮುಂದುವರಿಸುವುದೇ ಸರಿ ಎಂದು ಆಗ ತನಗೆ ತೋಚಿತು ಎಂದು ಆರ್ಮ್‌ಸ್ಟ್ರಾಂಗ್ ಬಹಳ ವರ್ಷಗಳ ನಂತರ ಹೇಳಿದ್ದರು. ಅವರ ಜೊತೆ ಕೆಲಸ ಮಾಡಿದ ಎಷ್ಟೋ ಜನರಿಗೆ ಹಾಗೊಬ್ಬ ಮಗಳಿದ್ದಳು ಎಂದೇ ಗೊತ್ತಿರಲಿಲ್ಲ. ಮಾತಿಲ್ಲವೆಂದರೆ ಮರೆತಿದ್ದಾರೆ ಎಂದಲ್ಲ. ಒಬ್ಬರು ಅತ್ತು ಹಗುರಾಗುತ್ತಾರೆ, ಇನ್ನೊಬ್ಬರು ಕೈಗೆ ಕೆಲಸ ಕೊಟ್ಟುಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಈ ಎರಡೂ ಇದ್ದಾಗ, ಒಬ್ಬರಿಗೆ ಮತ್ತೊಬ್ಬರು ಕಲ್ಲುಮನಸ್ಸಿನವರಂತೆ ಕಾಣುತ್ತಾರೆ.

‘ಯಾಕೆ ಮಾತಾಡಲ್ಲ’ ಎಂದು ಎದುರು ಕೂರಿಸಿ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಬ್ಬರೂ ಒಟ್ಟಿಗೆ ಕೈಯಾಡಿಸುವ ಕೆಲಸ ಹಿಡಿಯಿರಿ: ಗಿಡ ನೆಡುವುದು, ಸಂಜೆ ನಡೆಯುವುದು, ಮಗುವಿನ ಬಟ್ಟೆಯನ್ನು ಮಡಿಸಿ ಎತ್ತಿಡುವುದು. ಮಗುವಿನ ಹೆಸರನ್ನು ನೀವು ಸಹಜವಾಗಿ ಬಳಸಿ, ಅವರಿಂದ ಉತ್ತರ ಕಾಯಬೇಡಿ. ಹುಟ್ಟಿದ ದಿನ, ತೀರಿದ ದಿನ ಹತ್ತಿರ ಬಂದಾಗ ಅಂದು ಏನು ಮಾಡೋಣ ಎಂದು ಒಂದು ವಾರ ಮೊದಲೇ ಕೇಳಿ.

ಅವರಿಗೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಕುಡಿತ ಹೆಚ್ಚಿದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಈ ಸಂಖ್ಯೆ ನಿಮಗೂ ಹೌದು. ಅವರನ್ನು ನೋಡಿಕೊಳ್ಳುವ ನೀವೂ ಮಗು ಕಳೆದುಕೊಂಡವರೇ.

ಪ್ರಶ್ನೆ (ಉಡುಪಿ): ಮನೆ ಟಿವಿಯಲ್ಲಿ ನೋಡಿದರೆ ಚಿತ್ರ ಕಾಳುಕಾಳಾಗಿ, ನಡುಗುತ್ತಾ ಕಾಣುತ್ತದೆ. ಟಿವಿಯ ದೋಷವೇ? ಹತ್ತು ವರ್ಷದ ಮಗನಿಗೆ ತೋರಿಸಬಹುದೇ?

ಉತ್ತರ: ದೋಷವಲ್ಲ. ನೌಕೆಯೊಳಗಿನ ಬಹಳಷ್ಟು ದೃಶ್ಯಗಳನ್ನು 16 ಎಂಎಂ ಫಿಲ್ಮಿನಲ್ಲಿ, ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆದಿದ್ದಾರೆ. ಹಳೆಯ ಮನೆಮಂದಿಯ ಸಿನಿಮಾದಂತೆ ಕಾಣಲೆಂದೇ ಆ ಕಾಳು. ಟಿವಿಯ ‘ನಾಯ್ಸ್ ರಿಡಕ್ಷನ್’ ಆನ್ ಇದ್ದರೆ ಅದು ಕಾಳನ್ನು ಕೊಳೆ ಎಂದು ತಿಳಿದು ಒರೆಸುತ್ತದೆ, ಮುಖಗಳು ಮೇಣದಂತಾಗುತ್ತವೆ. ಅದನ್ನೂ ‘ಮೋಷನ್ ಸ್ಮೂತಿಂಗ್’ ಅನ್ನೂ ಆಫ್ ಮಾಡಿ, ಪಿಕ್ಚರ್ ಮೋಡ್ ‘ಸಿನಿಮಾ’ಗೆ ಇಡಿ. ಸೌಂಡಿನ ‘ನೈಟ್ ಮೋಡ್’ ಕೂಡ ಬೇಡ, ಅದು ಸಣ್ಣ ಸದ್ದನ್ನು ದೊಡ್ಡದು ಮಾಡಿ ದೊಡ್ಡದನ್ನು ಕುಗ್ಗಿಸುತ್ತದೆ. ಇಳಿನೌಕೆಯ ಬಾಗಿಲು ತೆರೆದಾಗ ಎಲ್ಲ ಸದ್ದೂ ಒಮ್ಮೆಗೇ ನಿಲ್ಲುತ್ತದೆ, ಚಿತ್ರವೂ ಐಮ್ಯಾಕ್ಸ್‌ನ ಸ್ಪಷ್ಟತೆಗೆ ತಿರುಗುತ್ತದೆ. ಆ ಗಳಿಗೆಗೆ ಮೊದಲು ಫ್ಯಾನ್ ಆರಿಸಿ, ಒಲೆಯ ಮೇಲೆ ಕುಕ್ಕರ್ ಇಡಬೇಡಿ.

ಆ ಚಂದ್ರನ ನೆಲ ಅಮೆರಿಕದ ಅಟ್ಲಾಂಟಾ ಬಳಿಯ ಕಲ್ಲುಗಣಿ. ಚಂದ್ರನ ಮೇಲೆ ಸೂರ್ಯ ಒಬ್ಬನೇ, ಬೆಳಕು ಚದುರಿಸಲು ಗಾಳಿಯಿಲ್ಲ, ಆದ್ದರಿಂದ ನೆರಳು ಗಾಢ ಕಪ್ಪು. ಅದಕ್ಕಾಗಿ ರಾತ್ರಿ ಹೊತ್ತು ಒಂದೇ ಒಂದು ಭಾರೀ ದೀಪ ಹಚ್ಚಿ ಚಿತ್ರೀಕರಿಸಿದರು. ಹಾರಾಟದ ದೃಶ್ಯಗಳಿಗೆ ಹಸಿರು ಪರದೆಯ ಬದಲು ಸುಮಾರು 35 ಅಡಿ ಎತ್ತರ, 60 ಅಡಿ ಅಗಲದ ಎಲ್‌ಇಡಿ ಗೋಡೆಯ ಮೇಲೆ ಆಕಾಶವನ್ನು ಓಡಿಸಿದರು. ಗಾಸ್ಲಿಂಗ್ ಹೆಲ್ಮೆಟ್ಟಿನ ಗಾಜಿನಲ್ಲಿ ಕಾಣುವ ಪ್ರತಿಬಿಂಬ ಹಾಗಾಗಿ ನಿಜದ್ದು. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು.

ಮಗನ ವಿಷಯ: ರಕ್ತಪಾತವಿಲ್ಲ, ಆದರೆ ಪುಟ್ಟ ಮಗುವಿನ ಸಾವು, ಅಪೊಲೊ 1ರ ಬೆಂಕಿ ಇವೆ. 1967ರ ಜನವರಿ 27ರಂದು ಶುದ್ಧ ಆಮ್ಲಜನಕ ತುಂಬಿದ ನೌಕೆಯೊಳಗೆ ಮೂವರು ತೀರಿಹೋದರು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು, ಒಳಗಿನ ಒತ್ತಡ ಅದನ್ನು ಬಿಗಿದು ಹಿಡಿಯಿತು. ಚಿತ್ರ ಅದನ್ನು ಒಂದು ಮಿಂಚು ಮತ್ತು ಉಬ್ಬಿದ ಬಾಗಿಲಿನಲ್ಲಿ ಹೇಳಿ ಮುಗಿಸುತ್ತದೆ. ಪಕ್ಕ ಕೂತು, ಪ್ರಶ್ನೆ ಬಂದಾಗ ಚಿತ್ರ ನಿಲ್ಲಿಸಿ ಉತ್ತರಿಸುವುದಾದರೆ ತೋರಿಸಿ. ಒಟ್ಟು 141 ನಿಮಿಷ, ಎರಡು ಸಂಜೆಗೆ ಹಂಚಿದರೂ ಸರಿ.

ಪ್ರಶ್ನೆ (ಕಲಬುರಗಿ): ಚಂದ್ರನ ಮೇಲೆ ಬಾವುಟ ನೆಡುವುದನ್ನು ಬಿಟ್ಟದ್ದು ಸರಿಯೇ?

ಉತ್ತರ: ಬಾವುಟ ನಿಂತಿರುವುದು ಕಾಣುತ್ತದೆ, ನೆಡುವ ಕ್ರಿಯೆ ಮಾತ್ರ ಇಲ್ಲ. ಈ ಕಥೆಗೆ ಅಷ್ಟು ಸಾಕು.

ಪ್ರಶ್ನೆ (ಹ್ಯೂಸ್ಟನ್‌ನಲ್ಲಿರುವ ಕನ್ನಡಿಗರೊಬ್ಬರು): ಕೊನೆಗೆ ಗಾಜಿನ ಎರಡು ಬದಿ ಗಂಡಹೆಂಡತಿ ಮಾತಿಲ್ಲದೆ ಕೂರುತ್ತಾರೆ. ಆ ಗಾಜು ನಿಜವೇ? ಆಮೇಲೆ ಅವರು ಜೊತೆಗಿದ್ದರೇ?

ಉತ್ತರ: ಗಾಜು ನಿಜ, ನೀವಿರುವ ಊರಿನಲ್ಲೇ ಇತ್ತು. ಚಂದ್ರನಿಂದ ಸೂಕ್ಷ್ಮಜೀವಿ ಬಂದಿದ್ದರೆ ಎಂಬ ಭಯಕ್ಕೆ ಅಪೊಲೊ 11ರ ಮೂವರು ಗಗನಯಾತ್ರಿಗಳನ್ನೂ ಆಗಸ್ಟ್ 10ರವರೆಗೆ ಪ್ರತ್ಯೇಕವಾಗಿ ಇಟ್ಟಿದ್ದರು. ಮನೆಯವರು ಗಾಜಿನ ಆಚೆಯಿಂದ ನೋಡಬಹುದಿತ್ತು. ಗಾಜಿನ ಮೇಲೆ ಬೆರಳಿಡುವುದು ಚಿತ್ರದ ಕಲ್ಪನೆ.

ಬಿಡುಗಡೆಯಾದ ಮೇಲೆ ಮೂವರೂ ಪತ್ನಿಯರೊಂದಿಗೆ ಲೋಕ ಸುತ್ತಿದರು, ಅಕ್ಟೋಬರ್‌ನಲ್ಲಿ ಮುಂಬೈಗೂ ಬಂದಿದ್ದರು. ನೀಲ್ ಮತ್ತು ಜ್ಯಾನೆಟ್ 1994ರಲ್ಲಿ ವಿಚ್ಛೇದನ ಪಡೆದರು. ನೀಲ್ 2012ರ ಆಗಸ್ಟ್ 25ರಂದು ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಜ್ಯಾನೆಟ್ ಅದೇ ವರ್ಷ ಜೂನ್‌ನಲ್ಲಿ ಹೋಗಿಬಿಟ್ಟಿದ್ದರು.